ಐವತ್ತೇಳರ ಮಾಡೆಲ್ಲು

ಮೊದಲೇ ಹೇಳಿಬಿಡುತ್ತೇನೆ: ಕಾರು ಚಿಕ್ಕದು. ಎಷ್ಟು ಚಿಕ್ಕದೆಂದರೆ, ಪಕ್ಕದಲ್ಲಿ ನನ್ನ ಎಡಗಾಲಿನ ಚಪ್ಪಲಿ ಇಟ್ಟರೆ ಚಪ್ಪಲಿಯೇ ಲಾರಿಯ ಹಾಗೆ ಕಾಣುತ್ತದೆ. ಇದು ಓದುಗರಿಗೆ ಈಗಲೇ ಗೊತ್ತಿರಲಿ, ಏಕೆಂದರೆ ನಮ್ಮ ಬೀದಿಯವರಿಗೆ ಬಹಳ ತಡವಾಗಿ ಗೊತ್ತಾಯಿತು. ಅಷ್ಟರಲ್ಲಿ ಗಾರೆಯವನೊಬ್ಬ ಹಾರೆ ಹಿಡಿದು ಗೋಡೆಯ ಮುಂದೆ ನಿಂತಿದ್ದ, ನಗರಸಭೆಯ ಅಧಿಕಾರಿಯೊಬ್ಬರು ನೋಟೀಸಿಗೆ ಅಂಟು ಹಚ್ಚಿಕೊಂಡು ನಿಂತಿದ್ದರು, ಮತ್ತು ಒಬ್ಬ ಹಿರಿಯರು ಬೂಟಿಗೆ ಪಾಲಿಶ್ ಮಾಡಿಸಿಕೊಂಡು ತಮ್ಮ ಊರಿನಿಂದ ಹೊರಟಾಗಿತ್ತು.

ಕಾರು ಕಟ್ಟಿದವನು ಪಕ್ಕದ ಮನೆಯ ರಿವರ್ಸಣ್ಣ. ತಂದೆತಾಯಿ ಇಟ್ಟ ಹೆಸರೊಂದು ಅವನಿಗೆ ಇಲ್ಲದಿಲ್ಲ. ಅದು ಕಚೇರಿಯ ಹಾಜರಿ ಪುಸ್ತಕದಲ್ಲಿ ಸುಖವಾಗಿದೆ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ಜನ ತಂದ ಕಟ್ಟುಗಳನ್ನು ತೂಕ ಮಾಡುವುದು ಅವನ ಉದ್ಯೋಗ. ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಒಂದು ಇಟ್ಟಿಗೆಯ ದಪ್ಪದ್ದು. ಕದ್ದು ಕೇಳುವ ಅಭ್ಯಾಸ ನನಗಿಲ್ಲ, ಗೋಡೆಗೆ ಇದೆ. ನಾನು ಸುಮ್ಮನೆ ಅದರ ಪಕ್ಕ ವಾಸಮಾಡುತ್ತೇನೆ.

ಹೆಸರು ಬಂದ ಬಗೆ ಹೀಗೆ. ವಾಹನ ಓಡಿಸುವವರನ್ನು ಪರೀಕ್ಷಿಸಿ ಲೈಸೆನ್ಸ್ ಕೊಡುವ ಅಧಿಕಾರಿಯನ್ನು ನಾವೆಲ್ಲ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುತ್ತೇವೆ. ಆ ಕಾಲದಲ್ಲಿ ನಮ್ಮಲ್ಲಿದ್ದವರು ಬಹಳ ಬಿಗಿ ಮನುಷ್ಯರು. ಮೈದಾನದ ಮರದಡಿ ಮೇಜು ಹಾಕಿಸಿಕೊಂಡು ಕೂರುವರು. "ಓಡಿಸೋದು ಕತ್ತೆಗೂ ಬರುತ್ತೆ, ನಿಲ್ಲಿಸಿ ತೋರಿಸು" ಎನ್ನುವರು. ನಮ್ಮವನು ಇನ್ನೂ ಮದುವೆಯಾಗದ ಹುಡುಗನಾಗಿದ್ದಾಗ ಅವರೆದುರು ಪರೀಕ್ಷೆಗೆ ಹೋದ. "ಮುಂದೆ ಹೋಗು" ಎಂದರು. ಅವನು ಕನ್ನಡಿ ನೋಡಿದ, ಹಾರ್ನ್ ಮಾಡಿದ, ಗೇರು ಹಾಕಿದ, ಸಕಲ ಮರ್ಯಾದೆಗಳೊಂದಿಗೆ ಹಿಂದಕ್ಕೆ ಹೋದ. ಮೇಜು ಹೋಯಿತು, ಕುರ್ಚಿ ಹೋಯಿತು. ಇನ್‌ಸ್ಪೆಕ್ಟರು ಮರದ ಕೊಂಬೆ ಹಿಡಿದಿದ್ದರಿಂದ ಉಳಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದೇ ಹೊತ್ತಿಗೆ ಅಪ್ಪನಿಗೆ ಊಟ ತಂದಿದ್ದ ಮಗಳು, ತನ್ನ ಡಬ್ಬಿ ಚಕ್ರದಡಿ ತಟ್ಟೆಯಾದದ್ದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ನಿಲ್ಲುವಷ್ಟರಲ್ಲಿ ಅವರಿಬ್ಬರ ಮದುವೆಯಾಗಿತ್ತು. ಅಪ್ಪ ಫೇಲು ಮಾಡಿದ್ದನ್ನು ಮಗಳು ಪಾಸು ಮಾಡಿದಳು.

ಅಪ್ಪ ಮಾತ್ರ ತಮ್ಮ ತೀರ್ಪನ್ನು ಬದಲಿಸಲಿಲ್ಲ. ಮದುವೆಯಾದ ದಿನದಿಂದ ಅಳಿಯನೊಂದಿಗೆ ಅವರು ನೇರವಾಗಿ ಒಂದು ಮಾತೂ ಆಡಿದವರಲ್ಲ. ಎದುರಿಗೇ ಕೂತಿದ್ದರೂ ಎಲ್ಲವೂ ಮಗಳ ಮುಖಾಂತರ. "ನಿನ್ನ ಗಂಡನಿಗೆ ಹೇಳಮ್ಮಾ, ಅವನು ಕೂತಿರೋದು ನನ್ನ ಕನ್ನಡಕದ ಮೇಲೆ." ಮಗಳು ಹೇಳುವಳು. ಅಳಿಯ ಏಳುವನು. "ಅಪ್ಪಂಗೆ ಹೇಳು, ಒಡೆದಿಲ್ಲ ಅಂತ." ಹೀಗೆ ವರ್ಷಗಳು ಕಳೆದವು. ರಿವರ್ಸಣ್ಣ ಮತ್ತೆ ಲೈಸೆನ್ಸಿಗೆ ಅರ್ಜಿ ಹಾಕಲಿಲ್ಲ, ಸೈಕಲ್ಲಿಗೆ ಶರಣಾದ.

ಇಂಥವನಿಗೆ ಕಾರಿನ ಹುಚ್ಚು ಹತ್ತಿದ್ದು ಬಾಗಿಲು ಮುಚ್ಚಲಿದ್ದ ಒಂದು ಆಟಿಕೆ ಅಂಗಡಿಯಿಂದ. ಅಲ್ಲಿ ಮುಚ್ಚಳ ಹರಿದ ಒಂದು ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆಯ ಮೇಲೆ ಐವತ್ತೇಳನೇ ಇಸವಿಯ ಒಂದು ಕೆಂಪು ರೇಸ್ ಕಾರಿನ ಚಿತ್ರ: ಉದ್ದ ಮೂಗು, ತೆರೆದ ತಲೆ, ತಂತಿ ಕಡ್ಡಿಗಳ ಚಕ್ರ, ಬಾನೆಟ್ಟಿನ ಮೇಲೆ ಅಡ್ಡಲಾಗಿ ಒಂದು ಚರ್ಮದ ಪಟ್ಟಿ. ಒಳಗೆ ಅದೇ ಕಾರು ಬಿಡಿಬಿಡಿಯಾಗಿ ಇತ್ತು. ಪ್ಲಾಸ್ಟಿಕ್ ಚೌಕಟ್ಟಿನಿಂದ ಭಾಗಗಳನ್ನು ಒಂದೊಂದಾಗಿ ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಅಸಲಿ ಕಾರಿನ ಇಪ್ಪತ್ತನಾಲ್ಕರಲ್ಲೊಂದು ಪಾಲಿನಷ್ಟು ಕಾರು ತಯಾರು. ಹೇಗೆ ಜೋಡಿಸಬೇಕೆಂಬ ವಿವರ ಯಾವುದೋ ದೂರದ ಭಾಷೆಯಲ್ಲಿತ್ತು. ನಮ್ಮವನು ಚಿತ್ರ ನೋಡಿಕೊಂಡೇ ಶುರುಮಾಡಿದ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಹೊಲಿಗೆ ಮಷೀನಿನ ಪಕ್ಕದ ಮೇಜು ಕಾರಿನ ಕಾರ್ಖಾನೆಯಾಯಿತು. ಅವಳ ಹುಬ್ಬಿನ ಚಿಮಟ ಸ್ಟೇರಿಂಗ್ ಕೂರಿಸಲು ಹೋಯಿತು, ಉಗುರು ಕತ್ತರಿ ಬಂಪರ್ ಬಿಡಿಸಲು ಹೋಯಿತು. ಧೂಳು ಕೂರಬಾರದೆಂದು ಕೋಣೆಗೆ ಬೀಗ. ಬಾಗಿಲ ಸಂದಿಯಿಂದ ಪೇಂಟಿನ ವಾಸನೆ ಬೀದಿಗೆ ಬರತೊಡಗಿತು.

"ರೀ, ಸೀಟು ಹಿಂದುಮುಂದಾಗಿದೆ" ಎಂದು ಒಂದು ಸಂಜೆ ಹೆಂಡತಿ ಹೇಳಿದ್ದು ಗೋಡೆಯ ಮೂಲಕ ಬಂತು.

"ಚಿತ್ರದಲ್ಲಿ ಹಂಗೇ ಇದೆ ಕಣೇ."

"ಚಿತ್ರಾನ ತಲೆಕೆಳಗಾಗಿ ಹಿಡ್ಕೊಂಡಿದ್ದೀರಿ."

ಇಷ್ಟಕ್ಕೇ ನಿಂತಿದ್ದರೆ ಹೇಳುವುದಕ್ಕೆ ಕಥೆ ಇರುತ್ತಿರಲಿಲ್ಲ. ಆದರೆ ಮನುಷ್ಯನಾದವನಿಗೆ ಗಡ್ಡ ಬೆಳೆಯುತ್ತದೆ, ಗಡ್ಡ ಬೆಳೆದವನು ಕ್ಷೌರದಂಗಡಿಗೆ ಹೋಗಲೇಬೇಕು. ನಾನು ಅಂದು ಅಲ್ಲೇ ಬೆಂಚಿನ ಮೇಲೆ ಹಳೆಯ ಪತ್ರಿಕೆ ಓದುತ್ತ ಸರದಿ ಕಾಯುತ್ತಿದ್ದೆ. ಕ್ಷೌರದವನು ರಿವರ್ಸಣ್ಣನ ಮುಖಕ್ಕೆ ನೊರೆ ಹಚ್ಚಿ, ಕೈ ನೋಡಿ, ಬೆಚ್ಚಿಬಿದ್ದ.

"ಏನ್ ಸಾರ್, ಉಗುರೆಲ್ಲ ಕೆಂಪು? ಯಾರನ್ನಾದ್ರೂ ಮುಗಿಸಿ ಬಂದ್ರಾ?"

"ಪೇಂಟ್ ಕಣಯ್ಯ. ಕಾರು ಕಟ್ತಾ ಇದ್ದೀನಿ."

"ಕಾರಾ! ಯಾವ ಮಾಡೆಲ್ಲು?"

"ಮಾಡೆಲ್ಲೇ. ಐವತ್ತೇಳರದು. ರೇಸ್ ಕಾರು."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜನಕ್ಕೆ ಮಾಡೆಲ್ಲು ಎಂದರೆ ಒಂದೇ ಅರ್ಥ: ವಾಹನ ಹುಟ್ಟಿದ ವರ್ಷ. ತೊಂಬತ್ತರ ಮಾಡೆಲ್ ಲಾರಿ, ಎಂಬತ್ತೈದರ ಮಾಡೆಲ್ ಸ್ಕೂಟರು. ಅಂಗೈಯಲ್ಲಿ ಕೂರುವ ವಸ್ತುವಿಗೆ ನಾವು ಆಟದ ಸಾಮಾನು ಎನ್ನುತ್ತೇವೆ. ಆದ್ದರಿಂದ ಕ್ಷೌರದವನ ಕಿವಿಗೆ ಬಿದ್ದದ್ದು ಐವತ್ತೇಳರಲ್ಲಿ ಹುಟ್ಟಿದ, ನಾಲ್ಕು ಚಕ್ರದ, ಮೈಕೈ ತುಂಬಿದ ಕಾರು. ತಪ್ಪು ಅವನದಲ್ಲ, ಶಬ್ದದ್ದು.

"ನೀವೊಬ್ರೇನಾ ಸಾರ್ ಕಟ್ತಿರೋದು?"

"ಒಬ್ನೇ. ಮನೇಲೇ, ಹೊಲಿಗೆ ಮಷೀನ್ ಪಕ್ಕ."

"ಓಡುತ್ತಾ?"

ಈ ಪ್ರಶ್ನೆ ಬಂದಾಗ ಕತ್ತಿ ಅವನ ಗಂಟಲಮಣಿಯ ಮೇಲಿತ್ತು. ಇಲ್ಲ ಎನ್ನಲು ತಲೆಯನ್ನು ಆ ಕಡೆ ಈ ಕಡೆ ಆಡಿಸಬೇಕು; ಅಂಥ ಸಂದರ್ಭದಲ್ಲಿ ಬುದ್ಧಿ ಇದ್ದವರು ಯಾರೂ ತಲೆ ಆಡಿಸುವುದಿಲ್ಲ. ರಿವರ್ಸಣ್ಣ ಮೂಗಿನಿಂದ "ಹೂಂ" ಎಂದ. ಕತ್ತಿ ಗಂಟಲು ದಾಟುವಷ್ಟರಲ್ಲಿ ಕ್ಷೌರದವನು ಬಾಗಿಲ ಬಳಿ ಹೋಗಿ ಬೇಕರಿಯವನನ್ನು ಕೂಗಿ ಕರೆದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನಂತೂ ಮನೆಗೆ ಹೋಗಿ ನನ್ನ ಹೆಂಡತಿಯೊಬ್ಬಳಿಗೆ ಮಾತ್ರ ಹೇಳಿದೆ. ಆಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ಕಾರು ಬೆಳೆಯಿತು. ಬೇಕರಿಯವನ ಪ್ರಕಾರ ಅದಕ್ಕೆ ಮುನ್ನೂರು ಕುದುರೆಗಳ ಶಕ್ತಿ. ಎದುರು ಮನೆಯ ಅಜ್ಜಿಗೆ ಕಿವಿ ಅಷ್ಟಕ್ಕಷ್ಟೇ, ಅವರು ಕಿಟಕಿ ಮುಚ್ಚಿಕೊಂಡು, "ಇಷ್ಟೊಂದು ಕುದುರೆ ಕಟ್ಟಿಕೊಂಡ್ರೆ ವಾಸನೆ ಬರ್ದೇ ಇರುತ್ತಾ?" ಎಂದು ಗೊಣಗಿದರು. ಪೇಂಟಿನ ವಾಸನೆ ಅವರ ಮಾತಿಗೆ ಪುರಾವೆಯಾಯಿತು.

ರಿವರ್ಸಣ್ಣನಿಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಆದರೆ ಜೀವಮಾನವಿಡೀ "ಏನೋ ರಿವರ್ಸು" ಎನಿಸಿಕೊಂಡವನನ್ನು ಬೀದಿಯ ಜನ ಇದ್ದಕ್ಕಿದ್ದಂತೆ "ಏನ್ ಸಾರ್, ಕಾರು ಎಲ್ಲಿಗೆ ಬಂತು?" ಎಂದು ಎದ್ದು ನಿಂತು ಕೇಳಿದರೆ, ಒಂದು ವಾರವಾದರೂ ಆ ಸುಖ ಅನುಭವಿಸಬೇಡವೇ? "ಮುಗೀತಾ ಬಂತು" ಎನ್ನುವನು. ಅದು ಸುಳ್ಳೂ ಅಲ್ಲ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಮಸಿ ಬಟ್ಟೆಯೊಂದು ನೇತಾಡತೊಡಗಿತು. ಅಂಚೆ ಕಚೇರಿಗೂ ಅದನ್ನು ನೇತಾಡಿಸಿಕೊಂಡೇ ಹೋದ.

ಮೊದಲು ಬಂದವರು ಮಹಡಿಯ ಮೇಲಿರುವ ಮನೆ ಮಾಲೀಕರು, ಅಳತೆ ಟೇಪು ಹಿಡಿದು. ಬಾಗಿಲನ್ನು ಅಡ್ಡ ಅಳೆದರು, ಉದ್ದ ಅಳೆದರು.

"ಬಾಗಿಲು ಮೂರೇ ಅಡಿ ಇದೆಯಲ್ರೀ. ಕಾರು ಹೊರಗೆ ಹೇಗೆ ತರ್ತೀರಿ?"

"ಎತ್ಕೊಂಡು ಬರ್ತೀನಿ ಸಾರ್."

"ಎತ್ಕೊಂಡು? ಎಷ್ಟು ಜನ?"

"ಜನ ಯಾಕೆ? ಒಂದು ಕೈ ಸಾಕು."

ಮಾಲೀಕರು ಟೇಪನ್ನು ಕೈಬಿಟ್ಟರು. ಅದು ಸರ್ರನೆ ಒಳಗೆ ಸುತ್ತಿಕೊಂಡಿತು.

"ತೂಕ ಎಷ್ಟಿದೆ?"

"ನಿನ್ನೆ ಕಚೇರಿಗೆ ತಗೊಂಡು ಹೋಗಿ ತೂಗಿದೆ. ನೂರಾ ಎಂಬತ್ತು."

ಪಾರ್ಸೆಲ್ ಕೌಂಟರಿನಲ್ಲಿ ಕೂರುವವರು ಗ್ರಾಮ್ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದು ಅವರಿಗೆ ಉಸಿರಿನಂತೆ, ಇದ್ದೇ ಇರುತ್ತದೆ. ಮಾಲೀಕರು ಸಿಮೆಂಟಿನ ವ್ಯಾಪಾರಿ. ಅವರಿಗೆ ತೂಕವೆಂದರೆ ಕಿಲೋ. ನೂರಾ ಎಂಬತ್ತು ಕಿಲೋವನ್ನು ಒಂದು ಕೈಯಲ್ಲಿ ಎತ್ತಿ ಕಚೇರಿಗೆ ಒಯ್ದು ವಾಪಸ್ ತರುವ ಬಾಡಿಗೆದಾರನನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡಿದರು. ಅಂದಿನಿಂದ "ನೀವು" ಬಿಟ್ಟು "ತಾವು" ಎಂದು ಮಾತಾಡಿಸತೊಡಗಿದರು. ಆದರೂ ಮನಸ್ಸು ತಡೆಯದೆ, ಬೇಕಾದರೆ ಕಿಟಕಿ ತೆಗೆದು ಗೋಡೆ ಒಡೆಯಲು ಗಾರೆಯವನಿಗೊಂದು ಮಾತು ಹೇಳಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಎರಡನೆಯವರು ನಗರಸಭೆಯ ಅಧಿಕಾರಿ. ವಾಸದ ಮನೆಯಲ್ಲಿ ವರ್ಕ್‌ಶಾಪ್ ನಡೆಸುತ್ತಿರುವ ಬಗ್ಗೆ ದೂರು ಹೋಗಿತ್ತು. ದೂರಿನಲ್ಲಿ ಕುದುರೆಗಳ ಪ್ರಸ್ತಾಪವೂ ಇತ್ತಂತೆ.

"ಪೆಟ್ರೋಲ್ ಎಲ್ಲಿಟ್ಟಿದ್ದೀರಿ?" ಎಂದು ಅವರು ಜಗಲಿಯ ಮೇಲೆ ನಿಂತೇ ಕೇಳಿದರು.

"ಇದಕ್ಕೆ ಪೆಟ್ರೋಲ್ ಬೇಡ ಸಾರ್."

"ಬೇಡ? ಮತ್ತೆ ಎಂಜಿನ್?"

"ಎಂಜಿನ್ ಇದೆ. ಅಂಟು ಒಣಗ್ತಾ ಇದೆ."

"ಎಂಜಿನ್ನಿಗೆ ಅಂಟಾ?"

"ಎಲ್ಲಾ ಅಂಟಲ್ಲೇ ನಿಂತಿರೋದು ಸಾರ್. ಬಾಗಿಲೂ ಅಷ್ಟೇ, ಚಕ್ರಾನೂ ಅಷ್ಟೇ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಇಂಥ ಕಾರು ರಸ್ತೆಗಿಳಿದರೆ ಎಷ್ಟು ಜನರ ಪ್ರಾಣಕ್ಕೆ ಅಪಾಯ ಎಂದು ಅವರ ಮುಖದ ಮೇಲೆ ಸ್ಪಷ್ಟವಾಗಿ ಬರೆದಿತ್ತು. ರಿವರ್ಸಣ್ಣನಿಗೂ ವಿಷಯ ಕೈಮೀರುತ್ತಿದೆ ಎನಿಸಿತು. "ಬನ್ನಿ ಸಾರ್, ಒಳಗೆ ತೋರಿಸಿಬಿಡ್ತೀನಿ, ನೀವೆಲ್ಲ ಅಂದುಕೊಂಡ ಹಾಗೆ..." ಎಂದು ಬೀಗದ ಕೈ ತೆಗೆದ. ಅಷ್ಟರಲ್ಲಿ ಅವನ ಹೆಂಡತಿ ಫೋನು ಹಿಡಿದುಕೊಂಡು ಓಡಿಬಂದಳು. ಕಣ್ಣು ತುಂಬಿತ್ತು. ಗಂಡನ ರಟ್ಟೆ ಹಿಡಿದು ಒಳಗೆಳೆದುಕೊಂಡು ಬಾಗಿಲು ಮುಚ್ಚಿದಳು. ಅಧಿಕಾರಿ ಮುಚ್ಚಿದ ಬಾಗಿಲಿಗೆ, "ಭಾನುವಾರ ಮತ್ತೆ ಬರ್ತೀನಿ. ವಾಹನ ಹೊರಗಿರಬೇಕು" ಎಂದು ಹೇಳಿ ಹೋದರು.

ಇನ್ನು ಮುಂದಿನದು ಗೋಡೆ ಹೇಳಿದ್ದು.

"ರೀ, ಅಪ್ಪ ಫೋನ್ ಮಾಡಿದ್ರು. ಚಿಕ್ಕಪ್ಪ ಈ ಊರಿಗೆ ಬಂದಾಗ ಕ್ಷೌರದಂಗಡೀಲಿ ಕೇಳಿಸ್ಕೊಂಡು ಹೋಗಿ ಹೇಳಿದ್ದಾರೆ. ಭಾನುವಾರ ಬರ್ತಾರಂತೆ. ಕಾರು ನೋಡೋಕೆ."

"ಯಾರ ಕಾರು?"

"ನಿಮ್ಮ ಕಾರು! ಅಂಗೈಯಗಲದ್ದು ಅಂತ ಗೊತ್ತಿಲ್ಲ, ನಿಜವಾದ ಕಾರು ಅಂದ್ಕೊಂಡಿದ್ದಾರೆ."

ಆಮೇಲೆ ಅವಳು ಅಳುತ್ತ ಹೇಳಿದ ಸಂಗತಿ ನನಗೆ ಅಂದೇ ಮೊದಲು ತಿಳಿದದ್ದು. ಬ್ರೇಕ್ ಇನ್‌ಸ್ಪೆಕ್ಟರಿಗೆ ಎರಡು ವರ್ಷದಿಂದ ಕಣ್ಣು ಮಂಜಾಗಿತ್ತು. ಲೈಸೆನ್ಸ್ ನವೀಕರಿಸಲು ತಾವೇ ಆಳಿದ ಕಚೇರಿಗೆ ಹೋದರು. ತಮ್ಮ ಕೈಕೆಳಗೆ ಕೆಲಸ ಕಲಿತ ಹುಡುಗನೇ ಈಗ ಆ ಕುರ್ಚಿಯಲ್ಲಿ. ಅವನು ಮರ್ಯಾದೆಯಿಂದ ಎದ್ದು ನಿಂತು, "ಸಾರ್, ಆ ಗೋಡೆ ಮೇಲಿನ ಅಕ್ಷರ ಓದಿಬಿಡಿ, ಸುಮ್ನೆ ಒಂದು ಶಾಸ್ತ್ರಕ್ಕೆ" ಎಂದ. ಆ ಹಲಗೆ ಬರೆಸಿ ತೂಗುಹಾಕಿದವರು ಅವರೇ; ಸಾವಿರಾರು ಜನರನ್ನು ಅದರ ಮುಂದೆ ನಿಲ್ಲಿಸಿದವರು ಅವರೇ. ಕಣ್ಣು ಕಾಣದಿದ್ದರೂ ಅಷ್ಟೂ ಸಾಲು ಬಾಯಿಪಾಠವಾಗಿತ್ತು. ಗಟ್ಟಿಯಾಗಿ, ಒಂದು ತಪ್ಪೂ ಇಲ್ಲದೆ ಓದಿದರು. ಹಿಂದಿನ ವರ್ಷ ಹಲಗೆ ಬದಲಾಯಿಸಿದ್ದು ಅವರಿಗೆ ಗೊತ್ತಿರಲಿಲ್ಲ.

"ಆವತ್ತಿಂದ ಅಪ್ಪ ಹೊಸ್ತಿಲು ದಾಟಿಲ್ಲ. ಸ್ಕೂಟರ್ ಮಾರಿಬಿಟ್ರು. ಯಾರು ಕರೆದ್ರೂ ಮಾತಿಲ್ಲ. ಇವತ್ತು ತಾವೇ ಫೋನ್ ಮಾಡಿ, 'ಖಾಸಗಿ ಅಂಗಳದಲ್ಲಿ ಓಡಿಸೋಕೆ ಲೈಸೆನ್ಸ್ ಬೇಕಾಗಿಲ್ಲಮ್ಮ, ಕಾನೂನೇ ಹಾಗಿದೆ. ಒಂದು ಸುತ್ತು ಓಡಿಸ್ತೀನಿ, ನಿನ್ನ ಗಂಡನಿಗೆ ಹೇಳು' ಅಂದ್ರು. ಬೂಟಿಗೆ ಪಾಲಿಶ್ ಮಾಡಿಸಿದ್ದಾರಂತೆ ರೀ."

ಅವಳು ಮೂಗು ಒರೆಸಿಕೊಂಡ ಸದ್ದಾಯಿತು.

"ಈಗ್ಲೇ ಫೋನ್ ಮಾಡಿ ನಿಜ ಹೇಳಿಬಿಡಲಾ?" ಎಂದಳು.

"ಬೇಡ" ಎಂದ ರಿವರ್ಸಣ್ಣ. "ಹೇಳಿದ್ರೆ ಬೂಟು ಬಿಚ್ಚಿಟ್ಟುಬಿಡ್ತಾರೆ. ಬರಲಿ. ಬಂದ ಮೇಲೆ ಬೀದಿಯಲ್ಲಿ ನಿಲ್ಲಿಸಿ ನನ್ನ ಬೈಯಲಿ. ಹೊಸ್ತಿಲು ದಾಟಿದ ಹಾಗಾದ್ರೂ ಆಯ್ತಲ್ಲ."

ಕಾರು ಅಂಗೈಯಗಲದ್ದು ಎಂದು ನನಗೆ ಗೊತ್ತಾದದ್ದು ಹೀಗೆ. ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಇದನ್ನು ನಮ್ಮ ಬೀದಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ, ಆದರೂ ನಿಜ.

ಉಳಿದ ದಿನಗಳಲ್ಲಿ ರಿವರ್ಸಣ್ಣ ಕಚೇರಿಯಿಂದ ಬಂದವನೇ ಕೋಣೆ ಸೇರುತ್ತಿದ್ದ. ಸೀಟು ಕಿತ್ತು ಸರಿಯಾಗಿ ಕೂರಿಸಿದ. ತನ್ನ ಕೈಗಡಿಯಾರದ ಪಟ್ಟಿ ಕತ್ತರಿಸಿ ಬಾನೆಟ್ಟಿಗೆ ಚರ್ಮದ ಪಟ್ಟಿ ಮಾಡಿದ. ಕೊನೆಗೆ ಕಾರಿನ ಹಿಂದೆ ಬೆರಳುಗುರಿನಷ್ಟು ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಕೆಂಪಗೆ ಎಲ್ ಎಂದು ಬರೆದ. ಕಾರಿನ ಒಡೆಯನಿಗೆ ಲೈಸೆನ್ಸ್ ಇಲ್ಲವಲ್ಲ. ಕಲಿಯುವವರ ಎಲ್ ಬೋರ್ಡಿಲ್ಲದ ವಾಹನವನ್ನು ಮಾವನ ಕಣ್ಣೆದುರಿಗೆ ತರುವ ಧೈರ್ಯ ಅವನಿಗಾಗಲಿಲ್ಲ.

ಭಾನುವಾರ ಬೆಳಿಗ್ಗೆ ಬೀದಿ ತುಂಬಿತು. ಬೇಕರಿಯವನು ಬಾಗಿಲು ಅರ್ಧ ಎಳೆದು ಬಂದ. ಕ್ಷೌರದವನು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ನೊರೆಯ ಸಮೇತ ಕರೆತಂದ. ಮಾಲೀಕರ ಗಾರೆಯವನು ಹಾರೆ ಹಿಡಿದು ಕಿಟಕಿಯ ಬಳಿ ಸಜ್ಜಾದ. ಅಧಿಕಾರಿ ನೋಟೀಸಿನ ಬೆನ್ನಿಗೆ ಅಂಟು ಹಚ್ಚಿ, ಒಣಗದಂತೆ ಆಗಾಗ ಊದುತ್ತ ನಿಂತರು. ಅಂಟು ಊದಿದರೆ ಬೇಗ ಒಣಗುತ್ತದೆ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಬಾಡಿಗೆ ಕಾರೊಂದು ಬಂದು ನಿಂತಿತು. ಮೊದಲು ಇಳಿದದ್ದು ಬೂಟು, ಆಮೇಲೆ ಬ್ರೇಕ್ ಇನ್‌ಸ್ಪೆಕ್ಟರು. ತೆಳ್ಳಗಾಗಿದ್ದರು. ಇಸ್ತ್ರಿ ಮಾಡಿದ ಷರಟು, ಕೈಗೆ ಹಳೆಯ ಚರ್ಮದ ಗ್ಲೌಸು. ಇಳಿದವರೇ ಆ ಕಾರಿನ ಡ್ರೈವರನ ಕಡೆ ತಿರುಗಿ, "ಹಿಂದಿನ ಎಡ ಚಕ್ರದ ಬ್ರೇಕ್ ಕಿರುಗುಟ್ತಿದೆ, ನೋಡಿಸು" ಎಂದರು. ನಂತರ ಮಗಳ ಭುಜದ ಮೇಲೆ ಕೈಯಿಟ್ಟು ಅಂಗಳಕ್ಕೆ ಬಂದು ಕುರ್ಚಿಯಲ್ಲಿ ಕೂತರು.

"ನಿನ್ನ ಗಂಡನಿಗೆ ಹೇಳಮ್ಮಾ. ವಾಹನ ಹೊರಗೆ ತರಲಿ."

ಮಗಳು ಬಾಯಿ ತೆರೆಯುವ ಮೊದಲೇ ರಿವರ್ಸಣ್ಣ ತಾನೇ ಒಳಗೆ ಹೋದ. ಬೀದಿ ಉಸಿರು ಬಿಗಿಹಿಡಿದು ಎಂಜಿನ್ನಿನ ಸದ್ದಿಗೆ ಕಾಯಿತು. ಎದುರು ಮನೆಯ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು. ಗಾರೆಯವನು ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದ. ಆಗ ಮೂರಡಿ ಬಾಗಿಲಿನಿಂದ ರಿವರ್ಸಣ್ಣ ಸಲೀಸಾಗಿ ಹೊರಬಂದ, ಕೈಯಲ್ಲೊಂದು ಸ್ಟೀಲ್ ತಟ್ಟೆ, ತಟ್ಟೆಯ ಮೇಲೆ ಕೆಂಪು ಕಾರು. ಮಾವನ ಮುಂದಿದ್ದ ಸ್ಟೂಲಿನ ಮೇಲೆ ಅದನ್ನಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ನಿಂತ.

ಬೆಟ್ಟ ಅಗೆದು ಇಲಿ ಹಿಡಿದದ್ದನ್ನು ಕೇಳಿದ್ದೇವೆ. ಕಣ್ಣಾರೆ ನೋಡಿದ್ದು ಅಂದೇ.

"ಉಳಿದದ್ದು ಎಲ್ಲಿ ಸಾರ್?" ಎಂದ ಕ್ಷೌರದವನು.

"ಇಷ್ಟೇ."

ಅಧಿಕಾರಿ ಹತ್ತಿರ ಬಂದು ನೋಟೀಸನ್ನು ಕಾರಿನ ಪಕ್ಕ ಹಿಡಿದು ನೋಡಿದರು. ನೋಟೀಸೇ ದೊಡ್ಡದಾಗಿತ್ತು. "ಇದನ್ನ ಎಲ್ಲಿ ಅಂಟಿಸೋದು?" ಎಂದು ಅವರು ಕೇಳಿದ್ದು ಯಾರನ್ನೂ ಅಲ್ಲ. ಮಾಲೀಕರು "ತಾವು..." ಎಂದು ಶುರುಮಾಡಿ, ಯೋಚಿಸಿ, "ನೀನು ನೂರಾ ಎಂಬತ್ತು ಅಂದಿದ್ದೆಯಲ್ಲೋ" ಎಂದು ಮುಗಿಸಿದರು. ಅದುವರೆಗೆ ತಡೆದುಕೊಂಡಿದ್ದ ಬೀದಿ ಘೊಳ್ಳೆಂದು ನಕ್ಕಿತು. ನೊರೆಯ ಗಿರಾಕಿ ನಕ್ಕದ್ದಕ್ಕೆ ನೊರೆ ಸುತ್ತಲಿನವರ ಮೇಲೆಲ್ಲ ಹಾರಿತು. ನಾನು ನಗಲಿಲ್ಲ. ನನ್ನ ಕಣ್ಣು ಆ ಬೂಟುಗಳ ಮೇಲಿತ್ತು, ಅವು ಅಷ್ಟು ಹೊಳೆಯುತ್ತಿದ್ದವು.

ಬ್ರೇಕ್ ಇನ್‌ಸ್ಪೆಕ್ಟರು ಬಲಗೈ ಎತ್ತಿದರು. ಮೈದಾನದಲ್ಲಿ ವಾಹನ ನಿಲ್ಲಿಸಲು ಎತ್ತುತ್ತಿದ್ದ ಅದೇ ಕೈ. ನಗು ನಿಂತಿತು.

"ಯಾರೂ ಗಲಾಟೆ ಮಾಡಕೂಡದು. ತಪಾಸಣೆ ನಡೀತಿದೆ."

ಅವರು ಗ್ಲೌಸು ತೆಗೆದರು. ಕನ್ನಡಕ ಒರೆಸಿ ಹಾಕಿಕೊಂಡು, ಮೂಗು ಬಾನೆಟ್ಟಿಗೆ ತಾಗುವಷ್ಟು ಬಗ್ಗಿದರು. ಕಣ್ಣಿಗೆ ಎಟುಕದ್ದನ್ನು ಬೆರಳು ನೋಡಿತು: ಚಕ್ರದ ಕಡ್ಡಿ, ಬಾಗಿಲು, ಚರ್ಮದ ಪಟ್ಟಿ, ಸ್ಟೇರಿಂಗು.

"ಹಾರ್ನ್?"

ಮಗಳು ಗಂಡನ ಕಡೆ ತಿರುಗಿದಳು. "ಹಾರ್ನ್ ಇದೆಯಾ ಅಂತ ಕೇಳ್ತಿದ್ದಾರೆ."

"ಇಲ್ಲ ಅಂತ ಹೇಳು."

"ಇಂಡಿಕ..." ಎಂದವರು ಅಲ್ಲಿಗೇ ನಿಲ್ಲಿಸಿ, ಕಾರಿನ ಹಿಂಭಾಗಕ್ಕೆ ಮುಖ ತಂದರು. ಬಿಳಿ ಕಾಗದವನ್ನು ಬಹಳ ಹೊತ್ತು ನೋಡಿದರು. "ಎಲ್ ಬೋರ್ಡ್ ಹಾಕಿದ್ದಾನೆ" ಎಂದರು. ಮಗಳಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಾಗಲಿಲ್ಲ. "ಸರಿಯಾಗಿದೆ."

ಇನ್ನುಳಿದದ್ದು ಬ್ರೇಕು. ಅವರು ತಟ್ಟೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಆ ಕಡೆಯ ಅಂಚನ್ನು ನಿಧಾನವಾಗಿ ಎತ್ತಿದರು. ಕಾರಿನ ಮೂಗು ಆ ಕಡೆ ಇತ್ತು. ಒಂದು ಕ್ಷಣ ನಿಂತಿತು. ಮರುಕ್ಷಣ ಸೊಯ್ಯನೆ ಹಿಮ್ಮುಖವಾಗಿ ಜಾರಿ ಬಂದು, ಎಲ್ ಬೋರ್ಡಿನ ಸಮೇತ ಅವರ ಹೊಟ್ಟೆಗೆ ಗುದ್ದಿತು.

ಯಾರೂ ನಗಲಿಲ್ಲ. ರಿವರ್ಸಣ್ಣ ಕಣ್ಣು ಮುಚ್ಚಿಕೊಂಡ. ಹಿರಿಯರು ಹೊಟ್ಟೆಯ ಮೇಲಿನ ಕಾರನ್ನು ಎರಡು ಕೈಯಿಂದ ಹಿಡಿದುಕೊಂಡು, ತಲೆಯೆತ್ತಿ, ಮದುವೆಯಾದ ಮೇಲೆ ಮೊಟ್ಟಮೊದಲ ಸಲ ಅಳಿಯನ ಮುಖ ನೋಡಿ ಮಾತಾಡಿದರು.

"ಅಳಿಯಂದ್ರೇ, ನೀವು ಫೇಲು."

"ಹೌದು ಮಾವ" ಎಂದ ರಿವರ್ಸಣ್ಣ. ಅವನ ಮುಖದಲ್ಲಿ ಪಾಸಾದವನ ಕಳೆ ಇತ್ತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಆಕೆಗೇ ಗೊತ್ತಿರಲಿಕ್ಕಿಲ್ಲ. ಅಧಿಕಾರಿ ನೋಟೀಸನ್ನು ಮಡಚಿ ಜೇಬಿಗಿಟ್ಟುಕೊಂಡರು. ಅದು ಜೇಬಿಗೆ ಅಂಟಿಕೊಂಡಿತು. ಜನ ಚದುರಿದರು.

ಮಧ್ಯಾಹ್ನ ಊಟದ ನಂತರ ನಾನು ಗೋಡೆಯ ಪಕ್ಕ ಒರಗಿಕೊಂಡಿದ್ದೆ. ಆ ಕಡೆಯಿಂದ ಒಂದು ಸದ್ದು ಬಂತು. ಮೊದಲು ಹೊಲಿಗೆ ಮಷೀನು ಅಂದುಕೊಂಡೆ. ಡುರ್ರ್ರ್ರ್... ಡುರ್ರ್ರ್ರ್... ನಡುವೆ ಒಮ್ಮೆ ತಗ್ಗುವುದು, ಮತ್ತೆ ಏರುವುದು. ಗೇರು ಬದಲಾಯಿಸಿದ ಹಾಗೆ. ಸಕ್ಕರೆ ಕೇಳುವ ನೆಪದಲ್ಲಿ ಬಟ್ಟಲು ಹಿಡಿದು ಹೋಗಿ ಅವರ ಕಿಟಕಿಯ ಬಳಿ ನಿಂತೆ.

ಬ್ರೇಕ್ ಇನ್‌ಸ್ಪೆಕ್ಟರು ಹೊಲಿಗೆಯ ಮೇಜಿನ ಮುಂದೆ ಕೂತಿದ್ದರು. ಕೈಗೆ ಮತ್ತೆ ಗ್ಲೌಸು ಬಂದಿತ್ತು. ಎರಡು ಬೆರಳು ಕಾರಿನ ಬೆನ್ನ ಮೇಲೆ. ಕಾರು ಗುಂಡಿಯ ಡಬ್ಬಿ ಸುತ್ತಿ, ಕತ್ತರಿಯ ಪಕ್ಕ ಹಾದು, ದಾರದ ಉಂಡೆಯ ಬಳಿ ತಿರುವು ತೆಗೆದುಕೊಂಡಿತು. ತುಟಿ ಬಿಗಿಹಿಡಿದು ಸದ್ದು ಮಾಡುತ್ತಿದ್ದವರು ಅವರೇ. ಅಳಿಯ ಬಾಗಿಲಲ್ಲಿ ನಿಂತದ್ದು ತಿಳಿದಾಗ ಕಾರು ನಿಂತಿತು, ಸದ್ದೂ ನಿಂತಿತು.

"ಇದಕ್ಕೆ ಲೈಸೆನ್ಸ್ ಕೇಳಲ್ಲ ಅಲ್ವೇ ಅಳಿಯಂದ್ರೇ?"

"ಇಲ್ಲ ಮಾವ. ಎಲ್ ಬೋರ್ಡ್ ಇದೆಯಲ್ಲ."

"ಕಲಿಯೋನ ಪಕ್ಕ ಒಬ್ಬ ಕೂತಿರಬೇಕು. ಕಾನೂನು." ಹಿರಿಯರು ಪಕ್ಕದ ಸ್ಟೂಲನ್ನು ಕಾಲಿನಿಂದ ಸರಿಸಿಕೊಟ್ಟರು. "ಕೂತ್ಕೊಳ್ಳಿ."

ರಿವರ್ಸಣ್ಣ ಕೂತ. ಕಾರು ಹೊರಟಿತು, ಗುಂಡಿಯ ಡಬ್ಬಿಯ ತಿರುವಿನಲ್ಲಿ ವೇಗ ಹೆಚ್ಚಿತು. ಅವನು ಎರಡೂ ಕೈಯಿಂದ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದು ಒಂದು ಪಕ್ಕಕ್ಕೆ ವಾಲಿದ.

"ಮಾವ, ನಿಧಾನ. ಅದಕ್ಕೆ ಬ್ರೇಕ್ ಇಲ್ಲ."

"ಇರಲಿ ಬಿಡಿ" ಎಂದರು ಬ್ರೇಕ್ ಇನ್‌ಸ್ಪೆಕ್ಟರು. "ಬ್ರೇಕಿನ ವಿಷಯ ನಾಳೆ ನೋಡೋಣ."